ಮನೆಯೊಳಗಿನ ಯಕ್ಕಾ

ಗುಲಾಬಿ ಅಡುಗೆಮನೆಯಲ್ಲಿ ಬಂಗುಡೆ ಸಾರಿಗೆ ಹುಳಿ ಕಿವುಚುತ್ತಿದ್ದಳು. ಮುಂಬಾಗಿಲು ತೆರೆದ ಸದ್ದಾಯಿತು. ಫೆಬ್ರವರಿಯ ತಣ್ಣನೆ ಗಾಳಿ ಪ್ಯಾಸೇಜಿನುದ್ದಕ್ಕೂ ನುಗ್ಗಿತು. ಕೈ ಒರೆಸಿಕೊಂಡು ಇಣುಕಿದರೆ, ಮಗ ವಿಶಾಲ್ ಒಂದು ತುದಿ, ಸೊಸೆ ಸ್ಪಂದನಾ ಇನ್ನೊಂದು ತುದಿ ಹಿಡಿದು, ಆಳೆತ್ತರದ ಗಿಡವೊಂದನ್ನು ಅಡ್ಡ ಮಲಗಿಸಿ ಒಳಗೆ ತರುತ್ತಿದ್ದರು. ಹೆಣ ಹೊರುವವರ ಹಾಗೆ ಎಂದು ಅವಳಿಗೆ ಅನಿಸಿತು. ಅನಿಸಿದ್ದಕ್ಕೆ ನಾಲಿಗೆ ಕಚ್ಚಿಕೊಂಡಳು.

"ಎಂತ ಇದ್?"

"ಯಕ್ಕಾ ಅತ್ತೆ," ಎಂದಳು ಸ್ಪಂದನಾ, ಏದುಸಿರಿನಲ್ಲಿ.

"ಎಕ್ಕವಾ? ಮನೆಯೊಳ್ಗೆ ಎಕ್ಕ ತಂದ್ರ್ಯಾ?"

"ಎಕ್ಕ ಅಲ್ಲಮ್ಮ, ಯಕ್ಕಾ," ವಿಶಾಲ್ ನಕ್ಕ. "ಹೌಸ್‌ಪ್ಲಾಂಟ್. ಆಫೀಸಲ್ಲೆಲ್ಲ ಇಡ್ತ್ರಲ್ಲ, ಅದ್."

ಗುಲಾಬಿ ನಗಲಿಲ್ಲ. ಕುಂದಾಪುರದ ಕಡೆ ಯಾರ ಮೇಲಾದರೂ ಹೊಟ್ಟೆ ಉರಿದಾಗ ನಿನ್ನ ಮನೆ ಎಕ್ಕ ಹುಟ್ಟಿ ಹೋಗಲಿ ಎಂದು ಶಪಿಸುವುದನ್ನು ಕೇಳಿ ಬೆಳೆದವಳು ಅವಳು. ಹೆಸರು ಯಾವ ದೇಶದ್ದೇ ಇರಲಿ, ಕಿವಿಗೆ ಬಿದ್ದದ್ದು ಬಿದ್ದಾಗಿತ್ತು.

ಗಿಡವನ್ನು ಮುಂದಿನ ಕೋಣೆಯಲ್ಲಿ ನಿಲ್ಲಿಸಿದರು. ಕಬ್ಬಿನ ಕೂಳೆಯಂಥ ಮೂರು ಬೋಳು ಕಾಂಡ, ಒಂದೊಂದರ ತಲೆಯಲ್ಲೂ ಕತ್ತಿಯಂಥ ಎಲೆಗಳ ಗೊಂಚಲು. ಊರಲ್ಲಿ ಕಡುಬು ಬೇಯಿಸಲು ಮೂಡೆ ಕಟ್ಟುವ ಕೇದಗೆ ಎಲೆಯ ಹಾಗೇ, ಆದರೆ ಕಟ್ಟುವುದಕ್ಕೂ ಬಾರದು, ಮುಡಿಯುವುದಕ್ಕೂ ಬಾರದು. ಅದಕ್ಕೆ ಜಾಗ ಮಾಡಲು ಸ್ಪಂದನಾ ಗುಲಾಬಿಯ ಕುರ್ಚಿಯನ್ನು ಸೋಫಾದ ಆಚೆಗೆ ಎಳೆದಳು.

"ಇದಕ್ಕೆ ಬೆಳಕು ಜಾಸ್ತಿ ಬೇಕು, ನೀರು ಕಮ್ಮಿ ಬೇಕು," ಎಂದು ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು. "ಮಣ್ಣೊಳಗೆ ಬೆರಳು ಇಟ್ಟು ನೋಡ್ಬೇಕು. ಒಳಗೂ ಒಣಗಿದ್ರೆ ಮಾತ್ರ ಒಂದು ಮಗ್ ನೀರು. ತಟ್ಟೆಗೆ ಇಳಿದಿದ್ದನ್ನ ಚೆಲ್ಲಿಬಿಡ್ಬೇಕು. ನಾನೇ ನೋಡ್ಕೋತೀನಿ. ನೀವ್ಯಾರೂ ಮುಟ್ಬೇಡಿ."

"ಬೆಳಕ್ ಬೇಕಾದ್ರೆ ಕಿಟಕಿ ಎದುರಿಗೆ ಇಡ್," ಎಂದಳು ಗುಲಾಬಿ. "ಮೂಲೆಯಲ್ಲಿ ಎಂತಕ್ಕೆ?"

ಸ್ಪಂದನಾ ವಿಶಾಲನ ಮುಖ ನೋಡಿದಳು. ವಿಶಾಲ್ ಫೋನ್ ನೋಡಿದ.

"ಅಲ್ಲೇ ಚೆನ್ನಾಗಿ ಕಾಣುತ್ತೆ ಅತ್ತೆ," ಎಂದಳು ಸ್ಪಂದನಾ.

ಸೊಸೆ ಮೈಸೂರಿನವಳು, ಮಾತು ಮೆತ್ತಗೆ, ಕೆಲಸ ಚುರುಕು. ಲಂಡನ್ನಿನ ಈಲಿಂಗಿನ ಹಲ್ಲಿನ ಆಸ್ಪತ್ರೆಯೊಂದರಲ್ಲಿ ರಿಸೆಪ್ಶನ್ ನೋಡಿಕೊಳ್ಳುತ್ತಿದ್ದಳು. ಈ ಹೇಸ್‌ನ ಬಾಡಿಗೆ ಮನೆಗೆ ಬಂದ ಮೇಲೆ ಒಂದು ಕೊತ್ತಂಬರಿ ಕುಂಡವನ್ನೂ ಇಟ್ಟವಳಲ್ಲ. ಅಂಥವಳು ಪರದೆಯ ಕೊಳವೆಗೆ ತಲೆ ತಾಗುವಂಥ ಗಿಡ ತಂದಿದ್ದಾಳೆ. ಈ ಮನೆಗೆ ಇದು ದೊಡ್ಡದಾಯಿತು. ಹಾಗಾದರೆ ಯಾವ ಮನೆಗೆ ತಂದದ್ದು?

ಆ ಪ್ರಶ್ನೆ ಹುಟ್ಟಿದ ಮೇಲೆ ಗುಲಾಬಿಗೆ ಊಟದಲ್ಲಿ ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ತಿಳಿಯಲಿಲ್ಲ. ಗಂಡ ಕರುಣಾಕರ ಎದುರಿಗೆ ಕೂತು ಸುಮ್ಮನೆ ಉಣ್ಣುತ್ತಿದ್ದ. ಮೂವತ್ತು ವರ್ಷ ಲಂಡನ್ನಿನ ಹೋಟೆಲುಗಳಲ್ಲಿ ದೋಸೆ ಕಾವಲಿಯ ಮುಂದೆ ನಿಂತ ಮನುಷ್ಯ. ಸಾರಿನಲ್ಲಿ ಮೆಂತೆ ಒಂದು ಕಾಳು ಹೆಚ್ಚಾದರೂ ಹೇಳದೆ ಬಿಡುವವನಲ್ಲ. ಅವತ್ತು ಏನೂ ಹೇಳಲಿಲ್ಲ.

"ಸಾರ್ ಹ್ಯಾಂಗಿತ್?" ಎಂದು ಅವಳೇ ಕೇಳಿದಳು.

"ಲಾಯ್ಕಿತ್," ಎಂದ.

ಹೊಗಳುವ ಗಂಡನನ್ನು ಅವಳು ಮೊದಲ ಸಲ ನೋಡುತ್ತಿದ್ದಳು.

ಆಮೇಲಿನ ವಾರಗಳಲ್ಲಿ ಗುಲಾಬಿ ಕಣ್ಣು ತೆರೆದೇ ಇದ್ದಳು. ಶನಿವಾರ ತಿಂಡಿ ಮುಗಿದ ಕೂಡಲೇ ಮಗ ಸೊಸೆ ಶಾಪಿಂಗ್ ಎಂದು ಹೊರಡುತ್ತಿದ್ದರು. ಮಧ್ಯಾಹ್ನ ಬರಿಗೈಲಿ ಬರುತ್ತಿದ್ದರು. ಸ್ಪಂದನಾ ಫೋನ್ ಬಂದರೆ ಹಿತ್ತಿಲಿಗೆ ಹೋಗಿ, ಚಳಿಯಲ್ಲಿ ತೋಳು ಕಟ್ಟಿಕೊಂಡು, ಬೇಲಿಯ ಕಡೆ ಮುಖ ಮಾಡಿ ಮಾತಾಡುತ್ತಿದ್ದಳು. ಒಂದು ದಿನ ಒಣಹಾಕಿದ ಬಟ್ಟೆ ತರುವ ನೆವದಲ್ಲಿ ಗುಲಾಬಿ ಹಿಂದೆಯೇ ಹೋದಳು. ಕೇಳಿಸಿದ್ದು ಒಂದೇ ಮಾತು: "ಕೊಲಿಂಡೇಲ್ ಟೂ ಬೆಡ್ ಆದ್ರೂ ಪರವಾಗಿಲ್ಲ, ಬಟ್..." ಅತ್ತೆಯನ್ನು ಕಂಡು ಸ್ಪಂದನಾ ಮಾತು ತುಂಡರಿಸಿ ಫೋನ್ ಇಟ್ಟಳು.

ಕೊಲಿಂಡೇಲಿನಲ್ಲಿ ಎರಡು ಬೆಡ್‌ರೂಮಿನ ಮನೆ. ಒಂದು ಅವರಿಬ್ಬರಿಗೆ, ಒಂದು ಮಗುವಿಗೆ. ಲೆಕ್ಕಕ್ಕೆ ಬೆರಳು ಬೇಕಾಗಿರಲಿಲ್ಲ.

ಸಂಜೆ ಮೊಮ್ಮಗಳು ಪ್ರೇಕ್ಷಾಳಿಗೆ ನೀರ್‌ದೋಸೆ ಎರೆದು ಕೊಡುತ್ತ ಗುಲಾಬಿ ಕೇಳಿದಳು.

"ಮಗಾ, ಅಮ್ಮ ಅಪ್ಪ ಶನಿವಾರ ಎಲ್ಲಿಗ್ ಹೋಪುದ್?"

ಹತ್ತು ವರ್ಷದ ಹುಡುಗಿ ದೋಸೆಯನ್ನು ನಾಲ್ಕು ಮಡಿಕೆ ಮಡಚಿದಳು. "ಅಯಾಮ್ ನಾಟ್ ಸಪೋಸ್ಡ್ ಟು ಸೇ, ಅಜ್ಜಿ."

"ಯಾರ್ ಹೇಳಿದ್ದ್ ಹೇಳ್ಬೇಡ ಅಂತ?"

"ಕ್ಯಾನ್ ಐ ಹ್ಯಾವ್ ಮೋರ್ ಚಟ್ನಿ?"

ಗುಲಾಬಿ ಚಟ್ನಿ ಬಡಿಸಿದಳು. ಮಗುವಿನ ಬಾಯಿಗೂ ಬೀಗ ಹಾಕಿದ್ದಾರೆ ಎಂದುಕೊಳ್ಳುತ್ತ ಮುಂದಿನ ದೋಸೆ ಎರೆದಳು.

ಮಾರ್ಚಿನಲ್ಲಿ ಮನೆಗೆ ಜನ ಬರತೊಡಗಿದರು. ಮೊದಲು ಬಂದವನು ಮೂತಿ ಚೂಪಾದ ಬೂಟು ಹಾಕಿದ ಯುವಕ. ಜೊತೆಗೆ ದಪ್ಪ ಕೋಟಿನ ಗಂಡ ಹೆಂಡತಿ. ಕರುಣಾಕರ ಬಾಗಿಲು ತೆರೆದು ಅವರನ್ನು ಒಳಗೆ ಕರೆದ.

"ಯಾರ್ ಅವ್ರ್?" ಗುಲಾಬಿ ಅಡುಗೆಮನೆಯಿಂದ ಪಿಸುಗುಟ್ಟಿದಳು.

"ಬಾಯ್ಲರ್ ಕಾಂಬುಕೆ ಬಂದದ್ದ್. ಮಾಲೀಕ ಕಳ್ಸಿದ್ದ."

ಬಂದವರು ಬಂದವರೇ ಎಂದು ಗುಲಾಬಿ ಚಹಾ ಮಾಡಿ ಕೊಟ್ಟಳು. ಬಾಯ್ಲರ್ ಇದ್ದದ್ದು ಅಡುಗೆಮನೆಯಲ್ಲಿ. ಅವರು ಅದರ ಕಡೆ ಒಂದು ಸಲ ನೋಡಿ, ಮಹಡಿಗೆ ಹೋಗಿ ಬೆಡ್‌ರೂಮಿನ ಕಪಾಟು ತೆರೆದರು. ಹೆಂಗಸು ಕಿಟಕಿಯ ಅಗಲಕ್ಕೆ ಎರಡೂ ಕೈ ಚಾಚಿ ಅಳತೆ ಮಾಡಿದಳು. ಮುಂದಿನ ಕೋಣೆಗೆ ಬಂದಾಗ ಯಕ್ಕಾ ನೋಡಿ, ಎಷ್ಟು ಚಂದ ಇದೆ ಎಂದಳು.

ಅವರು ಹೋದ ಮೇಲೆ ಗುಲಾಬಿ ಗಂಡನ ಎದುರು ನಿಂತಳು. "ಹ್ವಾಯ್, ಬಾಯ್ಲರ್ ನಮ್ಮ ಬಟ್ಟೆ ಕಪಾಟಿನೊಳ್ಗೆ ಇತ್ತಾ?"

"ಇನ್ಸುಲೇಶನ್ನೂ ಕಾಣ್ಕ್ ಅಂಬ್ರ್. ಎಲ್ಲದಕ್ಕೂ ನಿಂಗೆ ಒಂದ್ ಅನುಮಾನ."

"ಅನುಮಾನ ಬಪ್ಪುಹಾಂಗೆ ಮಾಡುವವ್ರಿಗೆ ಹೇಳಿ ಅದನ್ನ್."

ಕರುಣಾಕರ ಟಿವಿಯ ಸದ್ದು ಜಾಸ್ತಿ ಮಾಡಿದ.

ಗಿಡಕ್ಕೆ ಅವಳು ಮೊದಲ ಸಲ ನೀರು ಹಾಕಿದ್ದು ಕನಿಕರದಿಂದಲೇ. ರೇಡಿಯೇಟರಿನ ಬಿಸಿಗೆ ಎಲೆಯ ತುದಿಗಳು ಕಂದಿದ್ದವು. ಸ್ಪಂದನಾ ಭಾನುವಾರ ಒದ್ದೆ ಬಟ್ಟೆಯಲ್ಲಿ ಒಂದೊಂದೇ ಎಲೆಯ ಧೂಳು ಒರೆಸುವಳು, ಬೆರಳು ಊರಿ ನೋಡುವಳು, ಇನ್ನೂ ಹಸಿ ಇದೆ ಎಂದು ನೀರು ಹಾಕದೆ ಎದ್ದು ಹೋಗುವಳು. ಮನೆಯ ಸುತ್ತಲಿನ ಗಿಡಗಳಿಗೆ ದಿನಾ ಕೊಡ ಕೊಡ ನೀರು ಹೊಯ್ದು ಬೆಳೆದವಳಿಗೆ ಅದು ಉಪವಾಸ ಕೆಡವಿದ ಹಾಗೆ ಕಂಡಿತು. ಒಂದು ಮಧ್ಯಾಹ್ನ ಅಕ್ಕಿ ತೊಳೆದ ನೀರನ್ನು ತಂದು ಬುಡಕ್ಕೆ ಹೊಯ್ದಳು. ಮಣ್ಣು ಚುಯ್ಯೆಂದು ಕುಡಿಯಿತು. ಅವಳಿಗೆ ಸಮಾಧಾನವಾಯಿತು.

ಕೊಲಿಂಡೇಲ್ ಎಂಬ ಮಾತು ಕಿವಿಗೆ ಬಿದ್ದ ಮೇಲೆಯೂ ಅವಳು ನೀರು ಹಾಕಿದಳು; ಆದರೆ ಆಗ ಕನಿಕರ ಇರಲಿಲ್ಲ. ಎಲ್ಲರೂ ಹೊರಗೆ ಹೋದಾಗ ಪಾತ್ರೆ ತುಂಬ ತಂದು ಸುರಿಯುತ್ತಿದ್ದಳು. ತಟ್ಟೆಯಲ್ಲಿ ನಿಂತದ್ದನ್ನು ಸ್ಪಂಜಿನಲ್ಲಿ ಒರೆಸಿ ತೆಗೆಯುತ್ತಿದ್ದಳು, ಗುರುತು ಸಿಗಬಾರದೆಂದು. ಹೊಸ ಮನೆಗೆ ಇದೇ ಗಿಡ ಬೇಕು ಅಲ್ದಾ, ಒಯ್ಯಿ ಕಾಂಬ ಎಂದುಕೊಳ್ಳುತ್ತಿದ್ದಳು. ಎಂದುಕೊಂಡು, ದೇವರ ಫೋಟೋದ ಕಡೆ ನೋಡದೆ ಅಡುಗೆಮನೆಗೆ ಹೋಗುತ್ತಿದ್ದಳು.

ಏಪ್ರಿಲ್ ಬರುವಾಗ ಕೆಳಗಿನ ಎಲೆಗಳು ಹಳದಿಯಾದವು. ಮತ್ತೆ ನಡುವಿನವು. ಒಂದು ಸಂಜೆ ಸ್ಪಂದನಾ ಒಂದು ಕಾಂಡವನ್ನು ಹಿಡಿದು ನೋಡಿದಳು. ಹಣ್ಣಾದ ಬಾಳೆಯ ಹಾಗೆ ಅದು ಬೆರಳಿಗೆ ತಗ್ಗಿತು.

ಊಟಕ್ಕೆ ಎಲ್ಲರೂ ಕೂತಿದ್ದರು. ಚಪಾತಿ, ಬಟಾಟೆ ಪಲ್ಯ, ನಿನ್ನೆಯ ಸಾರು.

"ಯಾರೋ ಗಿಡಕ್ಕೆ ನೀರು ಹಾಕ್ತಿದ್ದೀರಿ," ಎಂದಳು ಸ್ಪಂದನಾ. "ಬುಡ ಕೊಳೀತಾ ಇದೆ. ಪ್ರೇಕ್ಷಾ, ನಿನ್ನ ಬಾಟಲಿ ನೀರು ಅದಕ್ಕೆ ಸುರೀತೀಯಾ?"

"ನೋ!"

"ಹೋದ ವರ್ಷ ಹಾಲು ಸಿಂಕಿಗೆ ಸುರಿದೋಳು ನೀನೇ ತಾನೇ? ನಿಜ ಹೇಳು."

"ಐ ಡಿಡಂಟ್ ಟಚ್ ಇಟ್! ಯು ಆಲ್ವೇಸ್ ಬ್ಲೇಮ್ ಮೀ!" ಹುಡುಗಿಯ ಕಣ್ಣು ತುಂಬಿತು. ಚಪಾತಿ ತುಂಡು ಕೈಯಲ್ಲೇ ಉಳಿಯಿತು.

ವಿಶಾಲ್ ದನಿ ಏರಿಸಿದ. "ಪ್ರೇಕ್ಷಾ, ಡೋಂಟ್ ಶೌಟ್ ಅಟ್ ಯುವರ್ ಮದರ್."

ಗುಲಾಬಿ ತಟ್ಟೆ ಪಕ್ಕಕ್ಕೆ ಸರಿಸಿದಳು.

"ಮಗುವಿಗೆ ಬೈಬ್ಯಾಡಿ. ನೀರ್ ಹಾಕಿದ್ದ್ ನಾನ್."

ಕರುಣಾಕರ ತಲೆ ಎತ್ತಿದ. ಸ್ಪಂದನಾ ಅತ್ತೆಯ ಕಡೆ ತಿರುಗಿದಳು.

"ಹಾಕ್ಬೇಡಿ ಅಂತ ಅಷ್ಟು ಹೇಳಿದ್ನಲ್ಲ ಅತ್ತೆ. ಯಾಕೆ ಹಾಕಿದ್ರಿ?"

"ನೀನ್ ಅದನ್ನ್ ಎಂತಕ್ಕೆ ತಂದದ್ದ್ ಅಂತ ಮೊದ್ಲ್ ಹೇಳ್. ಮತ್ತೆ ನಾನ್ ಎಂತಕ್ಕೆ ಹಾಕಿದ್ದ್ ಅಂತ ಹೇಳ್ತೆ."

ಸ್ಪಂದನಾ ಬಾಯಿ ತೆರೆದಳು. ಆದರೆ ನೋಡಿದ್ದು ಗಂಡನನ್ನಲ್ಲ, ಮಾವನನ್ನು. ಕರುಣಾಕರ ತಲೆ ತಗ್ಗಿಸಿ ಪಲ್ಯದೊಳಗಿನ ಕರಿಬೇವು ಆರಿಸತೊಡಗಿದ. ಸ್ಪಂದನಾ ಬಾಯಿ ಮುಚ್ಚಿದಳು. ಎದ್ದು ತನ್ನ ತಟ್ಟೆ ತೊಳೆದಳು.

ಆ ನೋಟವನ್ನು ಗುಲಾಬಿ ಗಮನಿಸಿದಳು. ಆದರೆ ಅದನ್ನು ಎಲ್ಲಿಡಬೇಕೆಂದು ಅವಳಿಗೆ ಗೊತ್ತಾಗಲಿಲ್ಲ. ಸೊಸೆ ಮಾವನನ್ನೂ ತನ್ನ ಕಡೆ ಮಾಡಿಕೊಂಡಿದ್ದಾಳೆ ಎಂದುಕೊಂಡಳು.

ಅತ್ತೆ ಸೊಸೆಯ ಮಾತು ನಿಂತಿತು. ಸ್ಪಂದನಾ ಬೆಳಿಗ್ಗೆ ತನ್ನ ಡಬ್ಬಿ ತಾನೇ ಕಟ್ಟಿಕೊಂಡು ಹೋಗುತ್ತಿದ್ದಳು. ಗುಲಾಬಿ ಅಡುಗೆ ಮಾಡಿಟ್ಟು, ಊಟಕ್ಕೆ ಬನ್ನಿ ಎಂದು ಗೋಡೆಗೆ ಹೇಳುತ್ತಿದ್ದಳು. ಗಿಡ ಮಾತ್ರ ಮೂಲೆಯಲ್ಲೇ ಇತ್ತು, ದಿನಕ್ಕೊಂದು ಎಲೆ ಉದುರಿಸುತ್ತ. ಬರಬರುತ್ತ ಕೊಳೆತ ವಾಸನೆ ಬರತೊಡಗಿತು.

ಒಂದು ಮಂಗಳವಾರ ಕರುಣಾಕರ ಮಂಡಿನೋವಿಗೆಂದು ಜಿಪಿ ಡಾಕ್ಟರ ಹತ್ತಿರ ಹೋಗಿದ್ದ. ವಾಸನೆ ತಡೆಯಲಾರದೆ ಗುಲಾಬಿ ಕುಂಡವನ್ನು ತಬ್ಬಿ ಹಿಡಿದು ಈಚೆಗೆ ಎಳೆದಳು. ಗಿಡದ ಹಿಂದಿನ ಗೋಡೆ ಕಂಡಿತು.

ನೆಲದಿಂದ ಎದೆಯೆತ್ತರದವರೆಗೆ ಗೋಡೆ ಕಪ್ಪಗೆ ಬೂಷ್ಟು ಹಿಡಿದಿತ್ತು. ಮೇಲೆ ಬಳಿದ ಹೊಸ ಬಿಳಿ ಬಣ್ಣ ಹಪ್ಪಳದಂತೆ ಎದ್ದಿತ್ತು. ಕೈಯಿಟ್ಟರೆ ತಣ್ಣಗೆ, ಒದ್ದೆ. ಇದು ತನ್ನ ನೀರಿನಿಂದ ಆದದ್ದಲ್ಲ. ಎಷ್ಟೋ ಚಳಿಗಾಲದ ತಂಡಿ ಒಳಗೇ ಇಂಗಿದ ಗೋಡೆ ಅದು. ಹಿಂದೆ ಅಲ್ಲಿ ಪುಸ್ತಕದ ಕಪಾಟಿತ್ತು. ಜನವರಿಯಲ್ಲಿ ಅದನ್ನು ವಿಶಾಲ್ ಮಹಡಿಗೆ ಸಾಗಿಸಿ ಗೋಡೆಗೆ ಬಣ್ಣ ಬಳಿದಿದ್ದ. ಹಾಗಾದರೆ ಗಿಡ ಬಂದದ್ದು ಬೆಳಕಿಗಲ್ಲ, ಚಂದಕ್ಕಲ್ಲ. ಗೋಡೆ ಮುಚ್ಚುವುದಕ್ಕೆ. ಯಾರಿಂದ ಮುಚ್ಚುವುದು? ಮನೆಯವರಿಗೆ ಗೋಡೆ ಮುಚ್ಚಿ ಆಗಬೇಕಾದ್ದೇನು?

ಅವಳು ಹಾಗೇ ನಿಂತಿರುವಾಗ ಕರೆಗಂಟೆ ಹೊಡೆಯಿತು.

ಚೂಪು ಬೂಟಿನವನೇ. ಹಿಂದೆ ಬೇರೊಂದು ಜೋಡಿ. ಹೆಂಗಸಿಗೆ ತುಂಬು ಬಸುರು. ಮಿಸ್ಟರ್ ಕರುಣಾಕರ ಇಲ್ಲವೇ, ಹೇಳಿದ್ದೆನಲ್ಲ ಎಂದ ಅವನು. ಇರಲಿ, ಐದೇ ನಿಮಿಷ ಎಂದು ಒಳಗೆ ಬಂದೇ ಬಿಟ್ಟ.

ಬಸುರಿಗೆ ಮೆಟ್ಟಿಲು ಹತ್ತಿ ಆಯಾಸವಾಗಿತ್ತು. ಗಂಡ ಮತ್ತು ಬೂಟಿನವನು ಹಿತ್ತಿಲಿಗೆ ಹೋದಾಗ ಅವಳು ಸೋಫಾದಲ್ಲಿ ಕೂತಳು. ಗುಲಾಬಿ ನೀರು ತಂದುಕೊಟ್ಟಳು.

"ನಿಮ್ಮ ಮನೆ ನನಗೆ ತುಂಬ ಹಿಡಿಸಿತು," ಎಂದಳು ಆಕೆ ಇಂಗ್ಲಿಷಿನಲ್ಲಿ. "ನೀವು ಯಾವಾಗ ಬಿಡುತ್ತೀರಿ? ಜುಲೈ ಅಂದರು. ನಮಗೆ ಅಷ್ಟರಲ್ಲಿ ಮಗು ಬಂದಿರುತ್ತದೆ."

ಗುಲಾಬಿಯ ಇಂಗ್ಲಿಷು ವಿಮಾನದ ಊಟದ ತಟ್ಟೆ ತುಂಬುವ ಕಾರ್ಖಾನೆಯಲ್ಲಿ ಕಲಿತದ್ದು. ಮಾತಾಡಲು ತಡವರಿಸಿದರೂ ಕೇಳಿದ್ದು ಪೂರ್ತಿ ತಿಳಿಯುತ್ತಿತ್ತು.

"ಯೂ... ಬಯಿಂಗ್? ದಿಸ್ ಹೌಸ್?"

"ಓನರ್ ಮಾರುತ್ತಿದ್ದಾರಲ್ಲ," ಎಂದಳು ಬಸುರಿ. ಮುದುಕಿಯ ಮುಖ ನೋಡಿ ಅವಳ ನಗು ಆರಿತು. "ನಿಮಗೆ ಗೊತ್ತಿರಲಿಲ್ಲವೇ?"

ಗುಲಾಬಿ ಕೂತುಕೊಂಡಳು. ಮನೆಗೆ ಬಂದ ಬಾಯ್ಲರ್ ಜನ, ಇನ್ಸುಲೇಶನ್ ಜನ, ಎಲ್ಲರಿಗೂ ತಾನು ಏಲಕ್ಕಿ ಹಾಕಿ ಚಹಾ ಮಾಡಿ ಕೊಟ್ಟದ್ದು ನೆನಪಾಗಿ ಕಿವಿ ಬಿಸಿಯಾಯಿತು. ಇಡೀ ಮನೆ ಸೇರಿ ಒಬ್ಬಳನ್ನು ಆಟ ಆಡಿಸಿತ್ತು.

"ಮಗುವಿಗೆ ಈ ಕೋಣೆ ಮಾಡಬೇಕು ಅಂತಿದ್ದೇನೆ. ಮೆಟ್ಟಿಲು ಹತ್ತುವುದು ತಪ್ಪುತ್ತದೆ," ಎಂದಳು ಬಸುರಿ, ಮಾತು ಬದಲಿಸಲೆಂದು.

ಗುಲಾಬಿ ಅವಳ ಹೊಟ್ಟೆ ನೋಡಿದಳು. ಎದ್ದು, ಕುಂಡವನ್ನು ಪೂರ್ತಿ ಈಚೆಗೆ ಎಳೆದಳು.

"ಬೇಬಿ ರೂಮ್, ನೋ. ಕಮ್, ಲುಕ್. ಟಚ್."

ಬಸುರಿ ಎದ್ದು ಬಂದು ಗೋಡೆ ಮುಟ್ಟಿದಳು. ಕೈ ಹಿಂದೆಗೆದು ಗಂಡನನ್ನು ಕೂಗಿದಳು. ಬೂಟಿನವನು ಓಡಿ ಬಂದು ಗೋಡೆ ನೋಡಿದ, ಗಿಡ ನೋಡಿದ, ಗುಲಾಬಿಯನ್ನು ನೋಡಿದ. ಇದೆಲ್ಲ ಸಣ್ಣ ರಿಪೇರಿ ಎಂದು ನಗಲು ಹೋದ. ಯಾರೂ ನಗಲಿಲ್ಲ.

ಸಂಜೆ ವಿಶಾಲ್ ಬಂದದ್ದೇ ಬಾಗಿಲು ಬಡಿದುಕೊಂಡು.

"ಅಮ್ಮ, ಎಂತ ಮಾಡಿಟ್ಟೆ ನೀನ್? ಮಾಲೀಕ ಫೋನ್ ಮಾಡಿ ಬಾಯಿಗ್ ಬಂದಹಾಂಗೆ ಬೈದ. ಫೋಟೋ ತೆಗೆವಾಗ, ಜನ ಬಪ್ಪತಿಗೆ ಆ ಗೋಡೆ ಮುಚ್ಚಿಟ್ರೆ ಜುಲೈವರೆಗೆ ಇರಿ ಅಂದಿದ್ದ. ಪ್ರೇಕ್ಷಾನ ಶಾಲೆ ಮುಗಿಯೋವರೆಗೆ. ಈಗ ನೋಡ್!"

"ತಂಡಿ ಗೋಡೆಯ ಬುಡಕ್ಕೆ ಹಸುಳೆ ಮಲಗಿಸ್ತ್ರ್ ಅಂತ ಗೊತ್ತಾದ್ ಮೇಲೂ ನಾನ್ ಬಾಯಿ ಮುಚ್ಕಂಡ್ ಚಹಾ ಕೊಡ್ಕಾ?" ಗುಲಾಬಿಯ ದನಿ ಏರಿತು. "ಮನೆ ಮಾರ್ತಿದ್ರ್ ಅಂತ ದಾರಿಯ ಜನಕ್ಕೆ ಗೊತ್ತಿತ್ತ್. ನಂಗೆ ಗೊತ್ತಿಲ್ಲ. ನಾನ್ ಇಲ್ಲಿ ಯಾರ್? ಕೆಲಸದವಳಾ?"

"ನಿಂಗೆ ಬಿಪಿ ಇತ್ತಲ್ಲ ಅಂತ..."

"ಬಿಪಿ ಅಲ್ಲ. ನಂಗೆ ಗೊತ್ತಿತ್ತ್." ಅವಳು ಸೊಸೆಯ ಕಡೆ ತಿರುಗಿದಳು. "ಕೊಲಿಂಡೇಲ್ ಟೂ ಬೆಡ್. ಕೇಳಿಸಿತ್ತ್ ನಂಗೆ. ನಿಮ್ಗೆ ಮೂವರಿಗೆ ಸಾಕ್ ಅಲ್ದಾ? ನಮ್ಮನ್ನ್ ಎಲ್ಲಿಗ್ ಹಾಕುದ್ ಅಂತ ಮಾಡಿದ್ದೆ?"

ಸ್ಪಂದನಾ ಇನ್ನೂ ಕೋಟು ಬಿಚ್ಚಿರಲಿಲ್ಲ. ಕೈಚೀಲವನ್ನು ಮೇಜಿನ ಮೇಲೆ ಎಸೆದಳು.

"ನಾನಾ? ಶನಿವಾರ ಶನಿವಾರ ಗ್ರೀನ್‌ಫರ್ಡು, ನಾರ್ತೋಲ್ಟು ಅಂತ ಮೂರು ಬೆಡ್‌ರೂಮಿಗೆ ಅಲೆದಿದ್ದು ಯಾರಿಗೋಸ್ಕರ ಅತ್ತೆ? ಕೊಲಿಂಡೇಲ್ ಟೂ ಬೆಡ್ ಆದ್ರೂ ಪರವಾಗಿಲ್ಲ, ಬಟ್ ಹಾಲ್ ದೊಡ್ಡದಿರಬೇಕು, ಅತ್ತೆ ಮಾವ ಮಲಗೋಹಾಗೆ ಅಂತ ಕೇಳ್ತಿದ್ದೆ. ನೀವು ಅರ್ಧ ಕೇಳಿ ಗಿಡ ಕೊಂದ್ರಿ. ಕೇಳೋದಿದ್ರೆ ಮಾವನ್ನ ಕೇಳಿ. ನಾನು ಇನ್ನು ಬಾಯಿ ಮುಚ್ಕೊಂಡಿರಲ್ಲ."

ಕರುಣಾಕರ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಿದ್ದ.

"ಎಂತ ಹ್ವಾಯ್?" ಗುಲಾಬಿ ಮೆಲ್ಲಗೆ ಕೇಳಿದಳು.

"ಈಸ್ಟ್ ಹ್ಯಾಮಲ್ಲಿ ಶಾಂತಪ್ಪನ ಹೋಟ್ಲ್ ಇತ್ತಲ್ಲ," ಎಂದ ಅವನು. "ಬೆಳಿಗ್ಗೆ ಹಿಟ್ಟ್, ಚಟ್ನಿ ಕಾಣುಕೆ ಅನುಭವದವ್ರ್ ಬೇಕಂಬ್ರ್. ಮೇಲೆ ಒಂದ್ ರೂಮ್ ಕೊಡ್ತ್ರ್. ನಾವಿಬ್ರ್ ಅಲ್ಲಿಗ್ ಹೋಪ ಅಂತ ನಾನ್ ಮಾತ್ ಕೊಟ್ಟಾಯ್ತ್. ಇವ್ರ್ ಒಟ್ಟಿಗೇ ಇಪ್ಪ ಅಂತ ಮನೆ ಹುಡುಕ್ತಿದ್ರ್, ಆದ್ರೂ ಮಗನಿಗೆ ಭಾರ ಆಪುದ್ ಬ್ಯಾಡ. ನಾನೇ ಇವ್ರಿಗೆಲ್ಲ ಹೇಳಿದ್ದ್, ಗುಲಾಬಿಗೆ ಈಗ ಹೇಳ್ಬೇಡಿ, ಹೋಪತಿಗೆ ನಾನ್ ಹೇಳ್ತೆ ಅಂತ."

"ಹೋಪತಿಗೆ. ಹೊರಡು ಹೊತ್ತಿಗೆ."

"ಮೊದ್ಲೇ ಹೇಳಿದ್ರೆ ನೀನ್ ಊಟ ಬಿಡ್ತೆ, ಅಳ್ತೆ."

"ನಾನ್ ಒಪ್ತಿದ್ನೋ ಏನೋ. ನನ್ನ ಹತ್ರ ಒಂದ್ ಮಾತ್ ಕೇಳಿದ್ರ್ಯಾ?"

ಕರುಣಾಕರ ಕನ್ನಡಕ ಮತ್ತೆ ಹಾಕಿಕೊಂಡ. ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಯಿತು. ಎರಡು ತಿಂಗಳು ಅವಳು ಮನೆಯ ಪ್ರತಿ ಬಾಗಿಲ ಹಿಂದೆ ನಿಂತು ಕಿವಿಗೊಟ್ಟಿದ್ದಳು. ತನ್ನ ಮಗ್ಗುಲಲ್ಲೇ ಮಲಗುವವನ ಮೇಲೆ ಮಾತ್ರ ಅನುಮಾನ ಪಟ್ಟಿರಲಿಲ್ಲ.

ಶನಿವಾರ ಸ್ಪಂದನಾ ಅಡುಗೆಮನೆಯ ನೆಲಕ್ಕೆ ಹಳೆಯ ಪೇಪರು ಹಾಸಿ ಯಕ್ಕಾವನ್ನು ಕುಂಡದಿಂದ ಕಿತ್ತಳು. ಬೇರು ಕರಗಿ ಕರಿ ಲೋಳೆಯಾಗಿತ್ತು. ಗುಲಾಬಿ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಕೇಳದೆಯೇ ಬಂದು ಕಾಂಡ ಹಿಡಿದುಕೊಂಡಳು. ಸ್ಪಂದನಾ ಬ್ರೆಡ್ ಚಾಕುವಿನಿಂದ ಕೊಯ್ಯುತ್ತ ಹೋದಳು. ಎರಡು ಕಾಂಡ ಒಳಗೆಲ್ಲ ಕಂದಾಗಿದ್ದವು. ಮೂರನೆಯದರ ಮೇಲುತುದಿಯಲ್ಲಿ ಮಾತ್ರ ಒಳಗು ಬೆಳ್ಳಗೆ, ಗಟ್ಟಿಯಾಗಿತ್ತು.

"ಇದು ಬದುಕಬಹುದು," ಎಂದಳು ಸ್ಪಂದನಾ. "ನಾಲ್ಕೈದು ದಿನ ಗಾಯ ಒಣಗಲಿ. ಆಮೇಲೆ ಮರಳು ಬೆರೆಸಿದ ಮಣ್ಣಲ್ಲಿ ನೆಡೋಣ."

"ಸಾಯಲಿ ಅಂತಲೇ ಹಾಕಿದ್ದ್ ನಾನ್," ಎಂದಳು ಗುಲಾಬಿ.

"ಆಮೇಲೆ ಗೊತ್ತಾಯ್ತು. ನೀವು ಗುರುತು ಒರೆಸಿದ ಸ್ಪಂಜಲ್ಲಿ ಅಕ್ಕಿ ಗಂಜಿಯ ವಾಸನೆ ಬರ್ತಿತ್ತು."

"ನಮ್ಮನ್ನ್ ಜೊತೆಗ್ ಇಟ್ಕಂಬುಕೆ ನಿಂಗೆ ಅಷ್ಟ್ ಮನಸ್ಸಾ?"

ಸ್ಪಂದನಾ ಚಾಕು ಒರೆಸಿದಳು. "ಸುಳ್ಳು ಹೇಳಲ್ಲ ಅತ್ತೆ. ಪ್ರೀತಿ ಒಂದೇ ಅಲ್ಲ. ನಾನು ಮನೆ ಸೇರೋದು ಆರೂವರೆಗೆ. ಸೆಪ್ಟೆಂಬರಿಂದ ಹೊಸ ಶಾಲೆ. ಪ್ರೇಕ್ಷಾ ಬಂದಾಗ ಬಾಗಿಲು ತೆಗೆಯೋರು ಬೇಕು. ನೀವಿದ್ರೆ ನನಗೆ ಆಫೀಸಲ್ಲಿ ಎದೆ ಹೊಡ್ಕೊಳ್ಳಲ್ಲ."

ಪ್ರೀತಿ ಎಂದಿದ್ದರೆ ಗುಲಾಬಿ ನಂಬುತ್ತಿರಲಿಲ್ಲ. ಇದನ್ನು ನಂಬಿದಳು.

"ಮುಂದಿನ ಮನೆ ಕಾಂಬುಕೆ ಹೋಪತಿಗೆ ನಾನೂ ಬತ್ತೆ," ಎಂದಳು.

ಗ್ರೀನ್‌ಫರ್ಡಿನಲ್ಲಿ ನೋಡಿದ ಮೊದಲ ಮನೆಯಲ್ಲಿ ಗುಲಾಬಿ ನೇರ ಕೋಣೆಯ ನಡುವೆ ನಿಂತು, ಕಪಾಟನ್ನು ಈಚೆಗೆ ಸರಿಸಿ ಎಂದಳು. ತೋರಿಸಲು ಬಂದವನು ತಬ್ಬಿಬ್ಬಾದ. ಸರಿಸದೆ ಬೇರೆ ದಾರಿ ಇರಲಿಲ್ಲ. ಸಿಂಕಿನ ಕೆಳಗೆ ತಲೆ ತೂರಿ ಮೂಸಿದಳು. ಸ್ನಾನದ ಕೋಣೆಯ ಚಾಪೆ ಎತ್ತಿದಳು. ಎರಡು ಮನೆ ಬೇಡವೆಂದಳು. ಮೂರನೆಯದು ಚಿಕ್ಕದು, ಮೂರನೆಯ ಬೆಡ್‌ರೂಮಿನಲ್ಲಿ ಮಂಚ ಹಾಕಿದರೆ ಬಾಗಿಲು ಅರ್ಧವೇ ತೆರೆಯುವುದು. ಆದರೆ ಗೋಡೆ ಒಣಗಿತ್ತು, ಮುಂದಿನ ಕಿಟಕಿಗೆ ಮಧ್ಯಾಹ್ನದ ಬಿಸಿಲಿತ್ತು. ಅದನ್ನೇ ಹಿಡಿದರು. ಹೇಸ್‌ನ ಮಾಲೀಕ ಕೂಗಾಡಿದರೂ ಗೋಡೆ ರಿಪೇರಿ ಮಾಡಿಸದೆ ಮನೆ ಮಾರಾಟವಾಗಲಿಲ್ಲ. ಅಷ್ಟರಲ್ಲಿ ಜುಲೈ ಬಂದಿತ್ತು.

ಕರುಣಾಕರ ಕೊಟ್ಟ ಮಾತು ತಪ್ಪುವವನಲ್ಲ. ಅಥವಾ ಬರುವುದಿಲ್ಲ ಎಂದು ಶಾಂತಪ್ಪನಿಗೆ ಹೇಳುವ ಧೈರ್ಯ ಅವನಿಗಿರಲಿಲ್ಲ. ಹೊಸ ಮನೆ ಸೇರಿದ ವಾರವೇ ಒಂದು ಸೂಟ್‌ಕೇಸ್ ಎಳೆದುಕೊಂಡು ಈಸ್ಟ್ ಹ್ಯಾಮಿಗೆ ಹೊರಟ. ಗುಲಾಬಿ ಗ್ರೀನ್‌ಫರ್ಡ್ ಸ್ಟೇಷನ್ನಿನವರೆಗೆ ಬಂದಳು.

"ನೀನ್ ಬಪ್ಪುದಿಲ್ಯಾ?" ಎಂದ ಅವನು. "ಹೆಂಡ್ತಿ ಇಲ್ದೆ ಒಬ್ನೇ ಬಂದ ಅಂತ ಜನ ಎಂತ ಹೇಳುಕಿಲ್ಲ?"

"ಮಾತ್ ಕೊಟ್ಟದ್ದ್ ನೀವ್. ನಾನಲ್ಲ."

"ಸಿಟ್ಟಾ?"

"ಸಿಟ್ಟ್ ಹೋಯ್ತ್. ಊಟ ಹೊತ್ತಿಗೆ ಸರಿಯಾಗಿ ಮಾಡಿ. ಮಂಡಿಗೆ ಎಣ್ಣೆ ಚೀಲದಲ್ಲಿತ್ತ್." ಅವಳು ಅವನ ಕಾಲರು ಸರಿಮಾಡಿದಳು. "ನನ್ನ ವಿಷಯ ನನ್ನ ಹತ್ರ ಕೇಂಬುಕೆ ಕಲ್ತ ಮೇಲೆ ಫೋನ್ ಮಾಡಿ."

ಅವನು ಫೋನ್ ಮಾಡುತ್ತಿದ್ದದ್ದು ಮಗನಿಗೆ. ಅಮ್ಮ ಹೇಗಿದ್ದಾಳೆ ಎಂದು ಅವನನ್ನೇ ಕೇಳುತ್ತಿದ್ದನಂತೆ. ಗುಲಾಬಿ ಕೇಳಿಸಿಕೊಂಡು ಸುಮ್ಮನಿರುತ್ತಿದ್ದಳು. ಅಲ್ಲಿ ಯಾರು ಬಡಿಸುತ್ತಾರೋ, ಮಾತ್ರೆ ತೆಗೆದುಕೊಳ್ಳುತ್ತಾನೋ ಎಂದು ತುತ್ತು ಎತ್ತುವಾಗಲೆಲ್ಲ ಅನಿಸುತ್ತಿತ್ತು. ತಾನಾಗಿ ಫೋನ್ ಮಾಡಲಿಲ್ಲ.

ನೆಟ್ಟ ಯಕ್ಕಾ ತುಂಡು ಕಿಟಕಿ ಎದುರಿಗೆ ಇತ್ತು. ತಿಂಗಳುಗಳಾದರೂ ಸತ್ತಿರಲಿಲ್ಲ, ಬೆಳೆದಿರಲಿಲ್ಲ. ಒಳಗೊಳಗೇ ಕೊಳೆಯುತ್ತಿದೆಯೋ ಎಂದು ಗುಲಾಬಿಗೆ ದಿನವೂ ಅನುಮಾನ.

"ಒಮ್ಮೆ ಮೇಲೆತ್ತಿ ಬೇರ್ ಬಂತಾ ಕಾಂಬಲ್ದಾ?" ಎಂದು ಕೇಳಿದಳು.

"ಎತ್ತಿದ್ರೆ ಬಂದ ಬೇರೂ ಹರಿಯುತ್ತೆ ಅತ್ತೆ," ಎಂದಳು ಸ್ಪಂದನಾ. "ಬೆರಳಿಟ್ಟು ನೋಡಿ, ಒಣಗಿದ್ರೆ ನೀರು ಹಾಕಿ. ಅಷ್ಟೇ."

ಈಗ ನೀರಿನ ಕೆಲಸ ಗುಲಾಬಿಯದು.

ಸೆಪ್ಟೆಂಬರಿನ ಒಂದು ಬುಧವಾರ ಸಂಜೆ ಅವಳು ಕುಂಡದಲ್ಲಿ ಬೆರಳೂರಿ ಕೂತಿದ್ದಾಗ ಅವಳ ಫೋನೇ ಹೊಡೆಯಿತು. ಕರುಣಾಕರ.

"ಗುಲಾಬಿ, ಒಂದ್ ಮಾತ್ ಕೇಂಬುದಿತ್ತ್," ಎಂದ. ಹಿಂದೆ ಪಾತ್ರೆ ತೊಳೆಯುವ ಸದ್ದು. "ಸೋಮವಾರ ಹೋಟ್ಲಿಗೆ ರಜೆ. ನಾನ್ ಅಲ್ಲಿಗ್ ಬರ್ಲಾ?"

ಗುಲಾಬಿ ಕುಂಡದಿಂದ ಬೆರಳು ತೆಗೆದಳು. ಮದುವೆಯಾದಂದಿನಿಂದ ಅವನು ಬರುತ್ತೇನೆ ಎಂದಿದ್ದ, ಹೋಗುತ್ತೇನೆ ಎಂದಿದ್ದ. ಬರಲಾ ಎಂದು ಕೇಳಿದ್ದು ಇದೇ ಮೊದಲು.

"ಸ್ವಲ್ಪ ನಿಲ್ಲಿ," ಎಂದಳು. ಫೋನನ್ನು ಕೈಯಲ್ಲೇ ಹಿಡಿದು ಅಡುಗೆಮನೆಗೆ ಹೋದಳು. ಸ್ಪಂದನಾ ಮರುದಿನದ ಬೀನ್ಸ್ ಹೆಚ್ಚುತ್ತಿದ್ದಳು.

"ಮಾವ ಸೋಮವಾರ ಬರ್ಲಾ ಅಂತ ಕೇಂತಿದ್ರ್."

ಸ್ಪಂದನಾ ಚಾಕು ನಿಲ್ಲಿಸಿದಳು. "ಅದಕ್ಕೆ ನನ್ನನ್ಯಾಕೆ ಕೇಳ್ತೀರಿ ಅತ್ತೆ? ಅವರದ್ದೂ ಮನೆ ಅಲ್ವಾ?"

"ಕೇಂಬುದೇ. ಇನ್ನ್ ಮೇಲೆ ಈ ಮನೆಯಲ್ಲಿ ಎಲ್ಲರ ಹತ್ರವೂ ಕೇಂಬುದೇ."

ಸೊಸೆ ನಗುತ್ತ, ಬರ್ಲಿ ಎಂದು ತಲೆಯಾಡಿಸಿದಳು. ಗುಲಾಬಿಗೆ ಅಷ್ಟಕ್ಕೇ ಮುಗಿಯಲಿಲ್ಲ. ವಿಶಾಲ್ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಮಗು ಮಹಡಿಯ ಕೋಣೆಯಲ್ಲಿ ಹೋಮ್‌ವರ್ಕ್ ಮಾಡುತ್ತಿತ್ತು. "ಪ್ರೇಕ್ಷಾ!" ಎಂದು ಕೂಗುತ್ತ ಅವಳು ಒಂದೊಂದೇ ಮೆಟ್ಟಿಲು ಹತ್ತತೊಡಗಿದಳು. ಅವಳ ಕೈಯೊಳಗಿನ ಫೋನಿನಲ್ಲಿ, ಹಲೋ, ಹಲೋ ಎನ್ನುತ್ತ ಕರುಣಾಕರ ಕಾಯುತ್ತಿದ್ದ.